ವೀಲ್‌ಚೇರ್ ಜೊತೆ ಕೆರೆ, ಕಾಡು, ಕಡಲು: ಹೊರಡುವ ಮುಂಚಿನಿಂದ ಮನೆಗೆ ಬಂದ ಮೇಲಿನ ತನಕ

ಬೆನ್ನುಹುರಿಗೆ ಪೆಟ್ಟಾದವರು, ಕಾಲು ಕಳೆದುಕೊಂಡವರು ಇರುವ ಮನೆಗಳಲ್ಲಿ ಹೊರಗೆ ಹೋಗುವುದು ಅಂದರೆ ಹೆಚ್ಚಾಗಿ ಆಸ್ಪತ್ರೆಗೆ, ಬ್ಯಾಂಕಿಗೆ, ತಪ್ಪಿಸಲಾಗದ ಮದುವೆಗೆ. ಪ್ರವಾಸದ ಮಾತು ಬಂದಾಗ "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ" ಅಂತ ಅವರೇ ಹೇಳಿಬಿಡುತ್ತಾರೆ. ಆ ಮಾತನ್ನು ಅಷ್ಟು ಬೇಗ ಒಪ್ಪಿಕೊಳ್ಳಬೇಡಿ. ಅದರ ಹಿಂದೆ ಬೇರೆಯೇ ಲೆಕ್ಕಗಳಿರುತ್ತವೆ. ದಾರಿಯಲ್ಲಿ ಮೂತ್ರಕ್ಕೆ ಏನು ಮಾಡೋದು? ಎತ್ತುವಾಗ ಬೀಳಿಸಿದರೆ? ನನ್ನಿಂದ ಎಲ್ಲರಿಗೂ ತೊಂದರೆ ಆದರೆ? ಈ ಲೆಕ್ಕಗಳಿಗೆ ಉತ್ತರ ಇದೆ. ಅದಕ್ಕೆ ಧೈರ್ಯಕ್ಕಿಂತ ಜಾಸ್ತಿ ಬೇಕಾಗಿರುವುದು ಸರಿಯಾದ ತಯಾರಿ.

ನಮ್ಮ ಚಿಕ್ಕಪ್ಪ ಸೇನೆಯಲ್ಲಿ ಹವಾಲ್ದಾರ್ ಆಗಿದ್ದವರು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಸ್ಪರ್ಶವೂ ಗೊತ್ತಾಗುವುದಿಲ್ಲ. ಅವರ ಜೊತೆ ತಿರುಗಾಡಿ ಕಲಿತದ್ದು, ಫಿಸಿಯೋಥೆರಪಿ ಮಾಡುವವರನ್ನು ಕೇಳಿ ತಿಳಿದದ್ದು ಇಲ್ಲಿದೆ. ಹೆಚ್ಚಿನ ಪಾಲು ವೀಲ್‌ಚೇರ್ ಬಳಸುವವರ ಬಗ್ಗೆ, ಯಾಕೆಂದರೆ ತಯಾರಿ ಅಲ್ಲೇ ಜಾಸ್ತಿ ಬೇಕು. ಕೃತಕ ಕಾಲು ಹಾಕುವವರಿಗೆ, ಕಣ್ಣು ಕಾಣದವರಿಗೆ, ಮಾಜಿ ಸೈನಿಕರಿಗೆ ಬೇಕಾದದ್ದು ಕೊನೆಯ ಭಾಗದಲ್ಲಿದೆ.

ಎಲ್ಲಿಗೆ ಅಂತ ಅವರೇ ಹೇಳಲಿ

"ಲಾಲ್‌ಬಾಗ್‌ಗೆ ಹೋಗೋಣ್ವಾ?" ಅಂತ ಕೇಳಿದರೆ ಹೂಂ ಅಥವಾ ಊಹೂಂ ಅಷ್ಟೇ ಬರುತ್ತೆ. "ಮುಂಚೆ ನಿಮಗೆ ಏನು ಮಾಡೋಕೆ ಇಷ್ಟ ಇತ್ತು?" ಅಂತ ಕೇಳಿ ನೋಡಿ. ಈಜು, ಹಕ್ಕಿ ನೋಡೋದು, ತೋಟ ಸುತ್ತೋದು, ಸುಮ್ನೆ ಹೊಳೆ ದಂಡೆಯಲ್ಲಿ ಕೂರೋದು, ಏನಾದರೂ ಒಂದು ಬಂದೇ ಬರುತ್ತೆ. ಜಾಗ ಯಾವುದು ಅನ್ನುವುದು ಆಮೇಲೆ ತಾನಾಗೇ ಗೊತ್ತಾಗುತ್ತೆ.

ಚಿಕ್ಕಪ್ಪನಿಗೆ ಬೇಕಾಗಿದ್ದು ಗಾಳ ಹಾಕಿ ಮೀನು ಹಿಡಿಯುವುದು. ಅದಕ್ಕೆ ಊರ ಕೆರೆಯೇ ಸಾಕಾಯಿತು. ಏರಿಯ ಮೇಲೆ ಗಟ್ಟಿ ನೆಲ, ಹೊಂಗೆ ಮರದ ನೆರಳು, ನೀರಿನ ಕಡೆ ಇಳಿಜಾರಿಲ್ಲದ ಜಾಗ ಹುಡುಕಿದೆವು. ಬ್ರೇಕ್ ಹಾಕಿ, ಎರಡೂ ದೊಡ್ಡ ಚಕ್ರಗಳ ಮುಂದೆ ಒಂದೊಂದು ಕಲ್ಲು ಇಟ್ಟೆವು. ವೀಲ್‌ಚೇರಿನ ಬ್ರೇಕ್ ಚಕ್ರವನ್ನು ಹಿಡಿಯುತ್ತೆ, ಆದರೆ ಸಡಿಲ ಮಣ್ಣಿನ ಮೇಲೆ ಚಕ್ರ ಸಮೇತ ಕುರ್ಚಿಯೇ ಜಾರಬಹುದು. ನೀರಿನ ಹತ್ತಿರ ಕಲ್ಲು ಇಡದೆ ಕೈ ಬಿಡಬೇಡಿ.

ಮೊದಲ ಸಲ ಮನೆಯಿಂದ ಒಂದು ಗಂಟೆ ದಾರಿಯೊಳಗಿನ ಜಾಗ ಇರಲಿ. ಅಲ್ಲಿ ಎರಡು ಗಂಟೆ ಕಳೆದರೆ ಸಾಕು. ಆ ದಿನ ಏನು ತೊಡಕಾಯಿತು ಅಂತ ನೋಡಿಕೊಂಡು ಮುಂದಿನ ಸಲ ಹಿಗ್ಗಿಸಬಹುದು.

ಬೆಂಗಳೂರಿನವರು ಕಬ್ಬನ್ ಪಾರ್ಕಿನಿಂದ ಶುರು ಮಾಡಬಹುದು. ಒಳಗಿನ ರಸ್ತೆಗಳು ಹೆಚ್ಚುಕಡಿಮೆ ಸಮತಟ್ಟು. ಭಾನುವಾರ ಗಾಡಿಗಳ ಓಡಾಟ ಇರುವುದಿಲ್ಲ. ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ. ಲಾಲ್‌ಬಾಗ್ ಸುಮಾರು 240 ಎಕರೆ. ಟಾರು ರಸ್ತೆಗಳು ಅಗಲವಾಗಿವೆ, ಬ್ಯಾಟರಿ ಗಾಡಿಯೂ ಇದೆ. ಗಾಜಿನ ಮನೆ, ಕೆರೆ ದಂಡೆ ನೋಡಿ ಬರಬಹುದು. ಕೆಂಪೇಗೌಡ ಗೋಪುರದ ಬಂಡೆ ಹತ್ತಿಸುವ ಆಸೆ ಮಾತ್ರ ಬೇಡ. ಇಳಿಜಾರು ಜಾಸ್ತಿ, ಮಳೆ ಬಿದ್ದರೆ ಜಾರುತ್ತೆ. ಮೂರು ಸಾವಿರ ದಶಲಕ್ಷ ವರ್ಷ ಹಳೆಯ ಆ ಬಂಡೆಯನ್ನು ಕೆಳಗೆ ನಿಂತೇ ಕೈಯಿಂದ ಮುಟ್ಟಿ ನೋಡಬಹುದು.

ಮೈಸೂರಿನಲ್ಲಿ ಮೃಗಾಲಯ ಒಳ್ಳೆಯ ಆಯ್ಕೆ. ಅಲ್ಲಿ ಬ್ಯಾಟರಿ ಗಾಡಿ ಸಿಗುತ್ತೆ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಓಡುತ್ತೆ. ಆದರೆ ಹಂಪಿಯ ಕಲ್ಲು ಹಾಸು ಸಣ್ಣ ಚಕ್ರಗಳಿಗೆ ತುಂಬಾ ಕಷ್ಟ, ಎರಡು ಜಾಗ ಆರಿಸಿಕೊಂಡು ಸಮಾಧಾನವಾಗಿ ನೋಡುವುದು ಮೇಲು. ಜೋಗದಲ್ಲಿ ಗುಂಡಿಯ ತನಕ ಇಳಿಯಲು ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಆದರೆ 253 ಮೀಟರ್ ಧುಮುಕುವ ನೀರನ್ನು ಪೂರ್ತಿ ನೋಡಲು ಮೇಲಿನ ಕಟ್ಟೆಯೇ ಸರಿಯಾದ ಜಾಗ, ಕೆಳಗಿಳಿದವರಿಗೆ ಆ ನೋಟ ಸಿಗುವುದಿಲ್ಲ.

ಅಳತೆ ಟೇಪು ಹಿಡಿದು ಒಬ್ಬರು ಮೊದಲೇ ಹೋಗಿ ಬನ್ನಿ

ಫೋನ್ ಮಾಡಿ "ವೀಲ್‌ಚೇರ್ ಬರುತ್ತಾ?" ಅಂತ ಕೇಳಿದರೆ "ಬರುತ್ತೆ ಸಾರ್, ಏನೂ ತೊಂದ್ರೆ ಇಲ್ಲ, ಹುಡುಗ್ರು ಎತ್ತಿಬಿಡ್ತಾರೆ" ಅಂತಾರೆ. ಅವರ ಮನಸ್ಸು ಒಳ್ಳೆಯದೇ, ಆದರೆ ಆ ಉತ್ತರದಿಂದ ನಮಗೆ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ಗಾಡಿ ನಿಲ್ಲಿಸುವ ಜಾಗದಿಂದ ಒಳಗೆ ಎಷ್ಟು ಮೆಟ್ಟಿಲು? ಶೌಚಾಲಯದ ಬಾಗಿಲು ಎಷ್ಟು ಅಗಲ, ಒಳಗೆ ತೆರೆಯುತ್ತಾ ಹೊರಗೆ ತೆರೆಯುತ್ತಾ? ಕಮೋಡ್ ಇದೆಯಾ? ಅಂಗವಿಕಲರ ಶೌಚಾಲಯಕ್ಕೆ ಬೀಗ ಹಾಕಿದ್ದರೆ ಕೀ ಯಾರ ಹತ್ತಿರ ಇರುತ್ತೆ? ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸ್ತೀರಾ? ಕೊನೆಯ ಎರಡು ಪ್ರಶ್ನೆ ಬಿಡಬೇಡಿ. ಚೆನ್ನಾಗಿ ಕಟ್ಟಿದ ಶೌಚಾಲಯ ಇದ್ದೂ, ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರೆ ಅಂತ ಕಾಯುವ ಕಷ್ಟ ಬಹಳ ಕಡೆ ಇದೆ.

ನಿಮ್ಮ ಕುರ್ಚಿಯ ಅಗಲವನ್ನು ಕೈಯಿಂದ ತಳ್ಳುವ ಬಳೆಗಳ ಹೊರ ಅಂಚಿನಿಂದ ಅಳೆಯಿರಿ. ಸಾಮಾನ್ಯ ಕುರ್ಚಿಗಳು 60ರಿಂದ 70 ಸೆಂಟಿಮೀಟರ್ ಒಳಗೆ ಇರುತ್ತವೆ. ಬಾಗಿಲು ಅದಕ್ಕಿಂತ ಹತ್ತು ಸೆಂಟಿಮೀಟರ್ ಆದರೂ ಜಾಸ್ತಿ ಇರಬೇಕು, ಇಲ್ಲದಿದ್ದರೆ ಬೆರಳ ಗೆಣ್ಣು ಕಿತ್ತುಹೋಗುತ್ತೆ. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು. ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದದ ಇಳಿಜಾರು ಬೇಕು. ಇದಕ್ಕಿಂತ ಕಡಿದಾಗಿದ್ದರೆ ಒಬ್ಬರೇ ಕೈಯಿಂದ ತಳ್ಳಿಕೊಂಡು ಹತ್ತುವುದು ಕಷ್ಟ, ಹಿಂದೆ ಆಳು ಬೇಕು. ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಒಂದು ಗಾಡಿಯಲ್ಲಿದ್ದರೆ ಒಂದೆರಡು ಮೆಟ್ಟಿಲಿನ ಚಿಂತೆ ಇರುವುದಿಲ್ಲ.

ಕುರ್ಚಿಯನ್ನು ಹೊರಗಿನ ನೆಲಕ್ಕೆ ಸಿದ್ಧ ಮಾಡಿ

ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ ಕುರ್ಚಿಯನ್ನೇ ನಾವು ಜಲ್ಲಿ ರಸ್ತೆಗೂ ಒಯ್ಯುತ್ತೇವೆ. ತೊಂದರೆ ಕೊಡುವುದು ಮುಂದಿನ ಪುಟ್ಟ ಚಕ್ರಗಳು. ಜಲ್ಲಿ, ಮರಳು, ಚರಂಡಿಯ ಜಾಲರಿ ಎಲ್ಲದರಲ್ಲೂ ಅವೇ ಸಿಕ್ಕಿಕೊಳ್ಳುತ್ತವೆ. ತಕ್ಷಣ ಕುರ್ಚಿ ನಿಲ್ಲುತ್ತೆ, ಕೂತವರು ಮುಂದಕ್ಕೆ ಬೀಳುತ್ತಾರೆ. ಅದಕ್ಕೇ ಸೊಂಟಕ್ಕೆ ಬೆಲ್ಟ್ ಬೇಕು. ಮೆತ್ತಗಿನ ನೆಲ ಬಂದರೆ ಹಿಂದಿನ ಹಿಡಿ ಒತ್ತಿ ಮುಂಚಕ್ರ ಎತ್ತಿ, ದೊಡ್ಡ ಚಕ್ರದ ಮೇಲೆ ತಳ್ಳಿ. ಅದೂ ಆಗದಿದ್ದರೆ ಕುರ್ಚಿ ತಿರುಗಿಸಿ ಹಿಂಬದಿಯಿಂದ ಎಳೆಯಿರಿ.

ಗಾಳಿ ತುಂಬುವ ಟೈರಾದರೆ ಮಣ್ಣು ದಾರಿಯಲ್ಲಿ ಕುಲುಕಾಟ ಕಡಿಮೆ. ಆದರೆ ಪಂಕ್ಚರ್ ಕಿಟ್, ಕೈಪಂಪು, ಒಂದು ಬಿಡಿ ಟ್ಯೂಬ್ ಜೊತೆಯಲ್ಲಿರಬೇಕು. ಗಟ್ಟಿ ರಬ್ಬರ್ ಟೈರ್ ಪಂಕ್ಚರ್ ಆಗುವುದಿಲ್ಲ, ಆದರೆ ಒಂದೊಂದು ಕಲ್ಲಿನ ಹೊಡೆತವೂ ನೇರವಾಗಿ ಬೆನ್ನಿಗೆ ಬರುತ್ತೆ.

ಜಾಸ್ತಿ ದೂರ ಓಡಾಡುವ ಆಸೆ ಇದ್ದವರಿಗೆ ಬೇರೆ ದಾರಿಗಳಿವೆ. ಐಐಟಿ ಮದ್ರಾಸ್‌ನಲ್ಲಿ ಬೆಳೆಸಿದ ನಿಯೋಬೋಲ್ಟ್ ಅನ್ನುವುದು ನಿಯೋಫ್ಲೈ ವೀಲ್‌ಚೇರಿನ ಮುಂದೆ ಸಿಕ್ಕಿಸುವ ಮೋಟಾರು ಚಕ್ರ. 2021ರಲ್ಲಿ ಬಂತು. ಗಂಟೆಗೆ 25 ಕಿಲೋಮೀಟರ್ ತನಕ ಓಡುತ್ತೆ, ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 25 ಕಿಲೋಮೀಟರ್ ಹೋಗುತ್ತೆ. ಮುಂದಿನ ಪುಟ್ಟ ಚಕ್ರಗಳು ನೆಲದಿಂದ ಮೇಲೆದ್ದು ಕುರ್ಚಿಯೇ ಮೂರು ಚಕ್ರದ ಗಾಡಿಯಾಗುತ್ತೆ. ಹಳ್ಳಿಗಳಲ್ಲಿ ಕಾಣುವ ಕೈಪೆಡಲ್ ತ್ರಿಚಕ್ರವನ್ನೂ ಕಡೆಗಣಿಸಬೇಡಿ. ಕಾನ್ಪುರದ ಅಲಿಮ್ಕೊ ಸಂಸ್ಥೆ ತಯಾರಿಸಿ ಅಂಗವಿಕಲರಿಗೆ ಸಲಕರಣೆ ಒದಗಿಸುವ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಕೊಡುವ ಆ ಗಾಡಿ ಏರಿ ಮೇಲೆ, ತೋಟದ ದಾರಿಯಲ್ಲಿ ವೀಲ್‌ಚೇರಿಗಿಂತ ಚೆನ್ನಾಗಿ ಓಡುತ್ತೆ.

ಮೂತ್ರ, ಚರ್ಮ, ಬಿಸಿಲು: ಇಲ್ಲಿ ಅವಸರ ಬೇಡ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಹೊರಗೆ ಹೊರಟ ದಿನ ಬಹಳ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ. ಶೌಚಾಲಯ ಸಿಗಲ್ಲ ಅನ್ನುವ ಭಯ. ಹೆಂಗಸರಲ್ಲಂತೂ ಇದು ಇನ್ನೂ ಜಾಸ್ತಿ. ನೀರು ಬಿಟ್ಟರೆ ಮೂತ್ರದ ಸೋಂಕು, ಜ್ವರ, ಬಿಸಿಲಿನ ಹೊಡೆತ ಎಲ್ಲವೂ ಹತ್ತಿರವಾಗುತ್ತವೆ. ನೀರು ಕುಡಿಯಲಿ, ಮೂತ್ರದ ವ್ಯವಸ್ಥೆ ನಾವು ಮಾಡೋಣ. ಕ್ಯಾಥೆಟರ್ (ಮೂತ್ರ ತೆಗೆಯುವ ಸಣ್ಣ ಕೊಳವೆ) ಹಾಕಿ ಖಾಲಿ ಮಾಡುವವರಿಗೆ ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಬೇಕಾಗುತ್ತೆ. ಹೊರಡುವ ಕೊನೆಯ ನಿಮಿಷದಲ್ಲಿ ಒಮ್ಮೆ ಮುಗಿಸಿ, ಮುಂದಿನ ಸಲ ಎಲ್ಲಿ ಅನ್ನುವುದನ್ನು ಹೊರಡುವ ಮೊದಲೇ ಗುರುತು ಮಾಡಿಕೊಳ್ಳಿ. ಎರಡು ಕ್ಯಾಥೆಟರ್ ಜಾಸ್ತಿ ಇರಲಿ. ಸ್ಯಾನಿಟೈಸರ್, ಮುಚ್ಚಳ ಇರುವ ಬಾಟಲಿ, ಒಂದು ದಪ್ಪ ಬೆಡ್‌ಶೀಟ್ ಇರಲಿ. ಬಟ್ಟೆ ಬದಲಿಸಲು ಬಳಸುವ, ಬಿಚ್ಚಿದ ತಕ್ಷಣ ನಿಲ್ಲುವ ಪುಟ್ಟ ಟೆಂಟ್ ಸಿಗುತ್ತೆ. ಹೆಣ್ಣುಮಕ್ಕಳ ಜೊತೆ ಹೋಗುವವರು ಅದನ್ನು ಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ಕಾಲಿಗೆ ಕಟ್ಟುವ ಯೂರಿನ್ ಬ್ಯಾಗ್ ಇದ್ದರೆ, ಜೀಪಿನಲ್ಲಿ ಕೂತ ಮೇಲೆ ಪೈಪು ಮಂಡಿ ಕೆಳಗೆ ಮಡಚಿಕೊಂಡಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.

ಈ ಮಡಚಿಕೊಂಡ ಪೈಪು ಕೆಲವರಿಗೆ ಪ್ರಾಣಕ್ಕೇ ಕುತ್ತು ತರಬಹುದು. ಎದೆ ಮಟ್ಟದ 6ನೇ ಬೆನ್ನುಮೂಳೆ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಮೂತ್ರಕೋಶ ತುಂಬಿದರೆ, ಮಲಬದ್ಧತೆ ಆದರೆ, ಅಥವಾ ಗೊತ್ತಾಗದ ಕಡೆ ಏನಾದರೂ ಒತ್ತುತ್ತಿದ್ದರೆ ರಕ್ತದೊತ್ತಡ ಒಮ್ಮೆಲೇ ಏರುತ್ತೆ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಜಾಗಕ್ಕಿಂತ ಮೇಲೆ ಬೆವರು, ಇವು ಗುರುತು. ಅಂಥ ಹೊತ್ತಿನಲ್ಲಿ ಮಲಗಿಸಬೇಡಿ. ನೇರವಾಗಿ ಕೂರಿಸಿ, ಕಾಲು ಕೆಳಗೆ ಬಿಡಿ. ಬೆಲ್ಟು, ಶೂ, ಬಿಗಿ ಬಟ್ಟೆ ಸಡಿಲ ಮಾಡಿ. ಪೈಪು ಬಿಡಿಸಿ, ಮೂತ್ರ ಖಾಲಿ ಮಾಡಿಸಿ. ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಓಡಿ. ಆ ಹೆಸರನ್ನು, ಪೆಟ್ಟಾದ ಮಟ್ಟವನ್ನು, ತೆಗೆದುಕೊಳ್ಳುವ ಮಾತ್ರೆಗಳನ್ನು ಒಂದು ಚೀಟಿಯಲ್ಲಿ ಬರೆದು ಕುರ್ಚಿಯ ಜೇಬಿನಲ್ಲಿಡಿ. ಸಣ್ಣ ಊರಿನ ಆಸ್ಪತ್ರೆಯಲ್ಲಿ ಆ ಚೀಟಿ ಬಹಳ ಸಮಯ ಉಳಿಸುತ್ತೆ.

ಇನ್ನು ಚರ್ಮ. ಒಂದೇ ಕಡೆ ಭಾರ ಬೀಳುತ್ತಿದ್ದರೆ ಬೆಡ್‌ಸೋರ್, ಅಂದರೆ ಒತ್ತಡದ ಹುಣ್ಣು, ಆಗುತ್ತೆ. ಅರ್ಧ ಗಂಟೆಗೊಮ್ಮೆ ಕೂರುವ ಮೂಳೆಯ ಮೇಲಿನ ಭಾರ ತೆಗೆಯಬೇಕು. ಮುಂದಕ್ಕೆ ಬಾಗಿ ಮೊಣಕೈಯನ್ನು ಮಂಡಿ ಮೇಲಿಟ್ಟು ಒಂದೆರಡು ನಿಮಿಷ ಇದ್ದರೆ ಆಯಿತು. ಪಕ್ಕಕ್ಕೆ ವಾಲಿದರೂ ಆಗುತ್ತೆ. ಮೊಬೈಲ್‌ನಲ್ಲಿ ಅಲಾರಂ ಇಡಿ, ಹರಟೆಯಲ್ಲಿ ಮರೆತುಹೋಗುತ್ತೆ. ಕುರ್ಚಿಯ ಕುಶನ್ನು ಜೀಪಿಗೂ, ದೋಣಿಗೂ, ಬ್ಯಾಟರಿ ಗಾಡಿಗೂ ಜೊತೆಯಲ್ಲೇ ಬರಬೇಕು.

ಬಿಸಿ ಗೊತ್ತಾಗದ ಕಾಲಿಗೆ ಸುಟ್ಟ ಗಾಯ ಬಹಳ ಸುಲಭವಾಗಿ ಆಗುತ್ತೆ. ಬಿಸಿಲಲ್ಲಿ ನಿಂತ ದೋಣಿಯ ತಗಡು, ಕಾದ ರೆಕ್ಸಿನ್ ಸೀಟು, ಹಳೇ ಜೀಪಿನಲ್ಲಿ ಎಂಜಿನ್ ಪಕ್ಕದ ಕಬ್ಬಿಣ, ಬೈಕಿನ ಸೈಲೆನ್ಸರ್ ಎಲ್ಲದರ ಮೇಲೂ ಕಣ್ಣಿರಲಿ. ಮೊದಲು ನಿಮ್ಮ ಅಂಗೈ ಇಟ್ಟು ನೋಡಿ, ಆಮೇಲೆ ಕೂರಿಸಿ. ಬಿಸಿ ಕಾಫಿ ಲೋಟವನ್ನು ತೊಡೆಗಳ ನಡುವೆ ಇಟ್ಟುಕೊಂಡು ಕುರ್ಚಿ ತಳ್ಳುವ ಅಭ್ಯಾಸ ಬಹಳ ಜನಕ್ಕೆ ಇದೆ. ಚೆಲ್ಲಿದರೂ ಗೊತ್ತಾಗುವುದಿಲ್ಲ, ಸಂಜೆ ಪ್ಯಾಂಟ್ ಬಿಚ್ಚಿದಾಗ ಬೊಬ್ಬೆ ಎದ್ದಿರುತ್ತೆ. ಮುಚ್ಚಳ ಇರುವ ಲೋಟ, ಅದನ್ನು ಇಡಲು ಕುರ್ಚಿಗೇ ಒಂದು ಹಿಡಿಕೆ, ಇದು ಸಾಕು.

ಪೆಟ್ಟಾದ ಜಾಗದಿಂದ ಕೆಳಗೆ ಸರಿಯಾಗಿ ಬೆವರುವುದಿಲ್ಲ, ಹಾಗಾಗಿ ಮೈ ತಣ್ಣಗಾಗಲು ದಾರಿಯೇ ಕಡಿಮೆ. ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ತಿರುಗಾಟ ಇಟ್ಟುಕೊಳ್ಳಿ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ಒಂದು, ಕುತ್ತಿಗೆಗೆ ಒದ್ದೆ ಟವೆಲ್ ಒಂದು ಇರಲಿ.

ಹತ್ತಿಸುವುದು, ಇಳಿಸುವುದು

ಎತ್ತುವ ಮುಂಚೆ ಕೇಳಿ. ಇದು ಸೌಜನ್ಯ ಮಾತ್ರ ಅಲ್ಲ, ಸುರಕ್ಷತೆಯೂ ಹೌದು. ತನ್ನ ಮೈ ಎಲ್ಲಿ ಹಿಡಿದರೆ ಸರಿ ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ. ಸಫಾರಿ ಜೀಪಿನ ಹತ್ತಿರ ಒಮ್ಮೆ ಡ್ರೈವರ್ ಹುಡುಗ ಓಡಿ ಬಂದು ಚಿಕ್ಕಪ್ಪನ ಕಂಕುಳಿಗೆ ಕೈ ಹಾಕಲು ಹೋದ.

"ಸಾರ್, ನಾನು ಎತ್ತಿ ಕೂರಿಸ್ತೀನಿ ಬಿಡಿ."

"ತಡಿಯಪ್ಪ. ಎತ್ತೋದು ಬೇಡ. ಈ ಹಲಗೆ ಆ ಕಡೆ ಸೀಟಿನ ಮೇಲೆ ಒತ್ತಿ ಹಿಡ್ಕೋ, ಅಲುಗಾಡಬಾರದು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹುಡುಗ ಹಲಗೆ ಹಿಡಿದ. ಚಿಕ್ಕಪ್ಪ ತೋಳಿನ ಬಲದಲ್ಲೇ ಗೇಣು ಗೇಣಾಗಿ ಸರಿದು ಸೀಟಿಗೆ ಬಂದರು. ಎರಡಡಿಗಿಂತ ಸ್ವಲ್ಪ ಉದ್ದದ, ಅಂಚು ಉಜ್ಜಿ ನುಣುಪು ಮಾಡಿದ ಪ್ಲೈವುಡ್ ಹಲಗೆ ಅದು, ಯಾವ ಬಡಗಿ ಬೇಕಾದರೂ ಮಾಡಿಕೊಡುತ್ತಾರೆ. ಕುರ್ಚಿಯ ಮಟ್ಟಕ್ಕೆ ಹತ್ತಿರ ಇರುವ ಸೀಟಿಗೆ ಮಾತ್ರ ಇದು ಆಗುತ್ತೆ. ಸಫಾರಿ ಬಸ್ಸಿನ ಮೆಟ್ಟಿಲು ಎತ್ತರ, ಬಾಗಿಲು ಕಿರಿದು. ಹಾಗಾಗಿ ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ ಎಲ್ಲಿಗೇ ಆಗಲಿ, ಯಾವ ಗಾಡಿ, ಯಾವ ಸೀಟು ಅಂತ ಮುಂಚೆಯೇ ಮಾತಾಡಿಕೊಳ್ಳಿ. ಮುಂದಿನ ಸೀಟು ಕೇಳಿ, ಕುಲುಕಾಟ ಕಡಿಮೆ.

ಮೆಟ್ಟಿಲ ಮೇಲೆ ಕುರ್ಚಿ ಸಮೇತ ಹೋಗಬೇಕಾದರೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ. ಹತ್ತುವಾಗ ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗೆ, ಇಳಿಯುವಾಗ ಮುಖ ಕೆಳಗಿನ ಕಡೆಗೆ ಇರಬೇಕು. ಬಲ ಇರುವವರು ಮೇಲೆ ನಿಂತು ಹಿಡಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಿಂತು ಚೌಕಟ್ಟಿನ ಕಬ್ಬಿಣ ಹಿಡಿಯಬೇಕು. ಕೈ ಇಡುವ ಭಾಗವನ್ನಾಗಲಿ ಕಾಲು ಇಡುವ ಭಾಗವನ್ನಾಗಲಿ ಹಿಡಿಯಬೇಡಿ, ಅವು ಕಳಚಿ ಕೈಗೆ ಬರುತ್ತವೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ತಳ್ಳುವವರು ಕೆಳಗಿರಬೇಕು, ಹಿಂದಕ್ಕೆ ಹೆಜ್ಜೆ ಇಡುತ್ತಾ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಬ್ಯಾಟರಿ ವೀಲ್‌ಚೇರನ್ನು ಮೆಟ್ಟಿಲ ಮೇಲೆ ಎತ್ತುವ ಯೋಚನೆಯೇ ಬೇಡ, ಅದರ ಭಾರಕ್ಕೆ ಎತ್ತುವವರ ಬೆನ್ನೂ ಹೋಗುತ್ತೆ.

ಮಲೆನಾಡಿಗೆ ಹೋದರೆ ಕಾಲು ನೋಡುತ್ತಿರಿ

ಮಳೆಗಾಲದಲ್ಲಿ ಇಂಬಳ. ನಮಗಾದರೆ ತುರಿಸಿದಾಗಲಾದರೂ ಗೊತ್ತಾಗುತ್ತೆ. ಸ್ಪರ್ಶ ಇಲ್ಲದ ಕಾಲಿಗೆ ಹತ್ತಿದರೆ ಹೊಟ್ಟೆ ತುಂಬಿ ಅದೇ ಬೀಳುವ ತನಕ ಗೊತ್ತಾಗುವುದಿಲ್ಲ, ಗಾಯ ಸಣ್ಣದಾದರೂ ಸೋಂಕಾಗಬಹುದು. ಮಂಡಿ ತನಕ ಬರುವ ಇಂಬಳದ ಕಾಲುಚೀಲ ಹಾಕಿಸಿ. ಕುರ್ಚಿಯ ಚಕ್ರ, ಕಾಲಿಡುವ ಹಲಗೆಯ ಅಡಿ ಕೂಡ ನೋಡಿ, ಅಲ್ಲಿಂದಲೇ ಮೇಲೆ ಹತ್ತುತ್ತವೆ.

ಡಿಸೆಂಬರ್‌ನಿಂದ ಮೇ ತನಕದ ಚಿಂತೆ ಬೇರೆ. ಅದು ಉಣುಗುಗಳ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಕಾಡಿಗೆ ಹೋಗುವ ಮುಂಚೆ ಆ ಊರಿನ ಆರೋಗ್ಯ ಕಾರ್ಯಕರ್ತೆಯರನ್ನು ಕೇಳಿ. ಮಂಗ ಸತ್ತ ಸುದ್ದಿ ಇರುವ ಕಡೆ ಕಾಲಿಡಬೇಡಿ. ಸಂಜೆ ಬಂದ ತಕ್ಷಣ ಬೆರಳ ಸಂದಿ, ಮಂಡಿಯ ಹಿಂಭಾಗ, ತೊಡೆಯ ಸಂದು ಎಲ್ಲ ಟಾರ್ಚ್ ಹಿಡಿದು ನೋಡಿ.

ಕಡಲು, ಹೊಳೆ, ದೋಣಿ

ಮರಳಲ್ಲಿ ಸಾಮಾನ್ಯ ವೀಲ್‌ಚೇರ್ ಹೋಗುವುದಿಲ್ಲ. ಆದ್ದರಿಂದ ಗಟ್ಟಿ ಹಾದಿ ಇರುವ ತೀರ ಆರಿಸಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ) ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ 33 ಷರತ್ತುಗಳಲ್ಲಿ ಅಂಗವಿಕಲರಿಗೆ ಅನುಕೂಲ ಮಾಡಿಕೊಡುವುದೂ ಸೇರಿದೆ. ಚೆನ್ನೈನ ಮರೀನಾದಲ್ಲಿ 2022ರ ನವೆಂಬರ್‌ನಲ್ಲಿ ನೀರಿನ ಹತ್ತಿರದ ತನಕ ಮರದ ಹಾದಿ ಹಾಕಿದರು. ಮುಂದಿನ ತಿಂಗಳೇ ಮಾಂಡೌಸ್ ಚಂಡಮಾರುತಕ್ಕೆ ಅದು ಹಾಳಾಯಿತು, ಆಮೇಲೆ ಸರಿ ಮಾಡಿದರು. ಕಡಲ ತೀರದ ಸೌಲಭ್ಯ ಹೀಗೆಯೇ, ಹೊರಡುವ ಹಿಂದಿನ ದಿನ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ.

ದೋಣಿಯಲ್ಲಿ ಒಂದು ನಿಯಮ ಮರೆಯಬೇಡಿ. ಯಾರನ್ನೂ ಕುರ್ಚಿಗಾಗಲಿ ದೋಣಿಗಾಗಲಿ ಕಟ್ಟಬೇಡಿ. ದೋಣಿ ಮಗುಚಿದರೆ ಬೆಲ್ಟ್ ಬಿಚ್ಚಲು ಆಗುವುದಿಲ್ಲ. ಲೈಫ್ ಜಾಕೆಟ್ ಹಾಕಿಸಿ, ಕೊಕ್ಕೆ ಬಿಗಿ ಮಾಡಿ, ಭುಜದ ಹತ್ತಿರ ಮೇಲಕ್ಕೆಳೆದು ನೋಡಿ. ಕಿವಿ ತನಕ ಜಾರಿ ಬಂದರೆ ಅದು ದೊಡ್ಡ ಸೈಜು. ರಂಗನತಿಟ್ಟಿನಂಥ ಕಡೆ ಜನ ಕಡಿಮೆ ಇರುವ ಬೆಳಗಿನ ಮೊದಲ ದೋಣಿಗೆ ಹೋಗಿ. ಅವಸರ ಇಲ್ಲದಾಗ ಹುಟ್ಟು ಹಾಕುವವರೂ ಸಮಾಧಾನವಾಗಿ ಹತ್ತಿಸಿಕೊಳ್ಳುತ್ತಾರೆ.

ಈಜು ಬಲ್ಲವರಾಗಿದ್ದರೆ ಕೊಳಕ್ಕೇ ಮೊದಲು ಹೋಗಿ. ನೀರಿನಲ್ಲಿ ಕುರ್ಚಿ ಬೇಕಿಲ್ಲ, ಆ ಬಿಡುಗಡೆಯ ಖುಷಿ ಬೇರೆ ಯಾವುದರಲ್ಲೂ ನಾನು ಕಂಡಿಲ್ಲ. ಕೊಳದ ಒರಟು ತಳಕ್ಕೆ ಪಾದ ಉಜ್ಜಿ ಗಾಯ ಆಗದಂತೆ ಕಾಲುಚೀಲ ಹಾಕಿಸಿ. ಮೈ ಬೇಗ ತಣ್ಣಗಾಗುತ್ತೆ, ತುಟಿ ನೀಲಿಯಾಗುವ ತನಕ ಕಾಯಬೇಡಿ.

ಕೃತಕ ಕಾಲು, ಬಿಳಿ ಕೋಲು

ಕೃತಕ ಕಾಲು ಹಾಕಿ ಬೆಟ್ಟ ಹತ್ತುವವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಕೋಲು ಇರಲಿ. ನಡೆದು ಬೆವರಿದಂತೆ ಮೊಂಡು ಕಾಲಿನ ಗಾತ್ರ ಬದಲಾಗಿ ಕೃತಕ ಕಾಲು ಸಡಿಲವಾಗುತ್ತೆ. ಮೊಂಡು ಕಾಲಿಗೆ ಹಾಕುವ ಒಣ ಕಾಲುಚೀಲ ಒಂದೆರಡು ಜಾಸ್ತಿ ಒಯ್ಯಿರಿ, ಗಂಟೆಗೊಮ್ಮೆ ಕೃತಕ ಕಾಲು ಬಿಚ್ಚಿ ಮೊಂಡು ಕಾಲು ಒರೆಸಿ, ಕೆಂಪಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಕೆಸರು, ಗದ್ದೆ, ಹಳ್ಳ ದಾಟಬೇಕಾದ ನಮ್ಮಂಥವರ ದಾರಿಗೆ ಜೈಪುರ ಕಾಲು ಚೆನ್ನಾಗಿ ಒಗ್ಗುತ್ತೆ. 1968ರಲ್ಲಿ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ಮಾಡಿದ ಆ ಪಾದ ಬರಿಗಾಲಲ್ಲಿ ನಡೆಯುವವರನ್ನು, ಚಕ್ಕಂಬಕ್ಕಳ ಹಾಕಿ ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹುಟ್ಟಿದ್ದು.

ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ. ಅವರು ನಿಮ್ಮ ಮೊಣಕೈಯ ಮೇಲ್ಭಾಗ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಕಾಲುದಾರಿ ಕಿರಿದಾದರೆ ನಿಮ್ಮ ಬೆನ್ನಚೀಲದ ಪಟ್ಟಿ ಹಿಡಿಯಲಿ. "ಇಲ್ಲಿ ನೋಡ್ಕೊಂಡು" ಅಂದರೆ ಏನೂ ತಿಳಿಯಲ್ಲ. "ಎಡಗಾಲಿಗೆ ಬೇರು, ಮಂಡಿ ಎತ್ತರ" ಅನ್ನಿ. ಹಕ್ಕಿ ನೋಡುವ ತಂಡದ ಜೊತೆ ಕರೆದುಕೊಂಡು ಹೋಗಿ. ಕುಟ್ರು ಹಕ್ಕಿ, ಕೆಂಬೂತ, ಕೋಗಿಲೆಯ ದನಿಯಿಂದಲೇ ದಿಕ್ಕು, ದೂರ ಹೇಳುವವರು ತಂಡಕ್ಕೇ ಆಸ್ತಿ. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ ಸಿಕ್ಕರೆ ಕಣ್ಣಿರುವವರು ಮುಂದೆ ಕೂತು ಹಂಪು, ತಿರುವು, ಬ್ರೇಕು ಎಲ್ಲವನ್ನೂ ಬರುವ ಮುಂಚೆ ಬಾಯಿಬಿಟ್ಟು ಹೇಳಬೇಕು.

ಮಾಜಿ ಸೈನಿಕರಿದ್ದರೆ

ಅಂಗವಿಕಲರ ಕ್ರೀಡೆ ಇಷ್ಟು ಬೆಳೆದದ್ದು ಗಾಯಗೊಂಡ ಸೈನಿಕರಿಂದಲೇ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗಟ್‌ಮನ್ 16 ಜನ ಗಾಯಾಳುಗಳಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನಮ್ಮ ಮುರಳಿಕಾಂತ್ ಪೇಟ್ಕರ್ ಸೇನೆಯಲ್ಲಿದ್ದ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡುಗಳು ತಗಲಿದವು. 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಚಿನ್ನ ತಂದರು. ಪುಣೆ ಹತ್ತಿರದ ಕಿರ್ಕಿಯಲ್ಲಿ 1974ರಿಂದ ಬೆನ್ನುಹುರಿ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ ನಡೆಯುತ್ತಿದೆ. ಅಲ್ಲಿ ಆಟ ದಿನಚರಿಯ ಭಾಗ.

ಕೃತಕ ಕಾಲು, ವೀಲ್‌ಚೇರ್ ಬೇಕಾದವರು ತಮ್ಮ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಲ್ಲಿ ಕೇಳಿ. ಯಾವ ಸವಲತ್ತು ಸಿಗುತ್ತೆ, ಅರ್ಜಿ ಹೇಗೆ ಅನ್ನುವುದನ್ನು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿ.

ಕಣ್ಣಿಗೆ ಕಾಣದ ಗಾಯ ಇರುವವರೂ ಇದ್ದಾರೆ. ಪಟಾಕಿ ಸದ್ದಿಗೆ ಮೈ ಬೆಚ್ಚುತ್ತೆ, ಗದ್ದಲದಲ್ಲಿ ಉಸಿರು ಕಟ್ಟುತ್ತೆ. ಕೊಡಗು, ಸಕಲೇಶಪುರ, ಆಲೂರು ಕಡೆ ತೋಟಕ್ಕೆ ನುಗ್ಗಿದ ಆನೆ ಓಡಿಸಲು ರಾತ್ರಿ ಪಟಾಕಿ ಹೊಡೆಯುತ್ತಾರೆ. ಹೋಂಸ್ಟೇ ಹಿಡಿಯುವಾಗಲೇ ಇದನ್ನು ಕೇಳಿ, ಜೊತೆಗಿರುವವರಿಗೂ ಹೇಳಿಡಿ. ಎಲ್ಲಿ ಕೂರಬೇಕು, ಯಾವಾಗ ಹೊರಡಬೇಕು ಅನ್ನುವುದು ಅವರ ಕೈಯಲ್ಲಿರಲಿ.

ಅಮೆರಿಕದಲ್ಲಿರುವ ನಮ್ಮವರಿಗೆ

ಅಲ್ಲಿನ ಪೌರರಾದ ಅಥವಾ ಗ್ರೀನ್ ಕಾರ್ಡ್ ಇರುವ, ಶಾಶ್ವತ ಅಂಗವೈಕಲ್ಯ ಇರುವವರಿಗೆ ರಾಷ್ಟ್ರೀಯ ಉದ್ಯಾನಗಳ ಆ್ಯಕ್ಸೆಸ್ ಪಾಸ್ ಜೀವನಪೂರ್ತಿ ಉಚಿತ. ಅಲ್ಲಿನ ಸೇನೆಯ ಮಾಜಿ ಸೈನಿಕರಿಗೂ 2022ರಿಂದ ಜೀವನಪೂರ್ತಿ ಪಾಸ್ ಉಚಿತ. ಊರಿಂದ ನೋಡಲು ಬಂದ ಅಪ್ಪ ಅಮ್ಮನಿಗೆ ಈ ಪಾಸ್ ಸಿಗುವುದಿಲ್ಲ. ಆದರೆ ಅವರಿಗೆ ಬೇಕಾದ ಕುರ್ಚಿ ಕೆಲವು ಕಡೆ ಸಿಗಬಹುದು. ಕೊಲರಾಡೊದ ಗ್ರೇಟ್ ಸ್ಯಾಂಡ್ ಡ್ಯೂನ್ಸ್‌ನಲ್ಲಿ ಮರಳಲ್ಲಿ ಓಡುವ ದಪ್ಪ ಚಕ್ರದ ಕುರ್ಚಿ ಎರವಲು ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಹಲವು ಕಡಲ ತೀರಗಳಲ್ಲೂ ಅಂಥದ್ದಿದೆ. ಕೊಲರಾಡೊದ ಸ್ಟಾಂಟನ್ ಸ್ಟೇಟ್ ಪಾರ್ಕಿನಲ್ಲಿ ಟ್ರ್ಯಾಕ್ಟರಿನ ಹಾಗೆ ಪಟ್ಟಿಯ ಮೇಲೆ ಓಡುವ ಕುರ್ಚಿಯಲ್ಲಿ ಕಾಡಿನ ದಾರಿ ಸುತ್ತಬಹುದು. ಇವಕ್ಕೆ ಮುಂಚೆಯೇ ಹೆಸರು ಬರೆಸಿ.

ಕೇಳುವ ಹಕ್ಕಿದೆ, ಕೇಳಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತೆ. ಅದರ 29ನೇ ಸೆಕ್ಷನ್ ಮನರಂಜನೆಯ ಬಗ್ಗೆ. ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳಲ್ಲಿ ಭಾಗವಹಿಸಲು ಅನುಕೂಲ ಮಾಡಿಕೊಡಬೇಕು ಅಂತ ಅದರಲ್ಲೇ ಬರೆದಿದೆ. ಉದ್ಯಾನದಲ್ಲಿ ರ‍್ಯಾಂಪ್ ಇಲ್ಲದಿದ್ದರೆ, ಶೌಚಾಲಯಕ್ಕೆ ಬೀಗ ಇದ್ದರೆ ದಿನಾಂಕ, ಫೋಟೊ ಸಮೇತ ಪತ್ರ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ನಕಲು ಸದಾ ಜೊತೆಗಿರಲಿ.

ಮನೆಗೆ ಬಂದ ಮೇಲೆ

ಸುಸ್ತಾಗಿದೆ ಅಂತ ಹಾಗೇ ಮಲಗಬೇಡಿ. ಬಟ್ಟೆ ಬದಲಿಸುವಾಗ ಕನ್ನಡಿ ಹಿಡಿದು ಕೂರುವ ಮೂಳೆ, ಬಾಲದ ಮೂಳೆ, ಹಿಮ್ಮಡಿ, ಪಾದದ ಗಿಣ್ಣು ನೋಡಿ. ಕೆಂಪಾಗಿದ್ದರೆ ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ. ಅರ್ಧ ಗಂಟೆಯಲ್ಲಿ ಮಾಸಿದರೆ ಸರಿ. ಮಾಸದಿದ್ದರೆ ಅದು ಬೆಡ್‌ಸೋರಿನ ಮೊದಲ ಗುರುತು. ಮಾಸುವ ತನಕ ಅದರ ಮೇಲೆ ಕೂರಿಸಲೇಬೇಡಿ, ಡಾಕ್ಟರಿಗೆ ತೋರಿಸಿ. ಮಾರನೇ ದಿನ ಜ್ವರ ಬಂದರೆ, ಮೂತ್ರ ಕದಡಿದ್ದರೆ ತಡ ಮಾಡಬೇಡಿ.

ಕುರ್ಚಿಯ ಮುಂಚಕ್ರದ ಅಚ್ಚಿಗೆ ಸುತ್ತಿಕೊಂಡ ಹುಲ್ಲು, ಕೂದಲು ಕಿತ್ತು ತೆಗೆಯಿರಿ. ಕಡಲಿಗೆ ಹೋಗಿದ್ದರೆ ಸಿಹಿನೀರಲ್ಲಿ ತೊಳೆದು, ಒರೆಸಿ, ಬೇರಿಂಗಿಗೆ ಎಣ್ಣೆ ಬಿಡಿ. ಆಮೇಲೆ, ನೆನಪು ಹಸಿ ಇರುವಾಗಲೇ, ಆ ಜಾಗದ ಬಾಗಿಲಿನ ಅಗಲ, ಮೆಟ್ಟಿಲಿನ ಲೆಕ್ಕ, ಶೌಚಾಲಯದ ಫೋಟೊ ಗೂಗಲ್ ಮ್ಯಾಪ್‌ಗೆ ಹಾಕಿ. ಮುಂದಿನ ವಾರ ಅಲ್ಲಿಗೆ ಹೊರಡುವ ಇನ್ನೊಂದು ಮನೆಯವರು ಅದನ್ನೇ ಹುಡುಕುತ್ತಿರುತ್ತಾರೆ.